ಜೊಳ್ಳಿಗೆ ನಕ್ಕವರು

ಎರಡು ತಿಂಗಳ ಹಿಂದೆ ತೀರಿಕೊಂಡ ಆ ಹಾಸ್ಯಗಾರನನ್ನು ಸ್ಟುಡಿಯೋದಲ್ಲಿ ಎಲ್ಲರೂ ‘ತನಿಖೆ’ ಎಂದೇ ಕರೆಯುತ್ತಿದ್ದರು. ಹಾಲು ಬೆಳ್ಳಗಿದೆ ಎಂದರೆ ಯಾರು ಹೇಳಿದ್ದು, ಯಾವಾಗ ನೋಡಿದ್ದು ಎಂದು ಕೇಳುವ ಆಸಾಮಿ. ಯಾರಾದರೂ ನಕ್ಕರಂತೂ ಮುಗಿಯಿತು. ಯಾಕೆ ನಕ್ಕರೆಂದು ಪತ್ತೆ ಹಚ್ಚುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಈಗ ಅವನ ಬಗ್ಗೆ ಒಳ್ಳೆಯ ಮಾತುಗಳೇ ಕೇಳಿಬರುತ್ತಿವೆ. ಬದುಕಿದ್ದರೆ ಒಂದನ್ನೂ ನಂಬುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಮೊದಲು ಅವನು ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ಫೋನಿನ ಮುಂದೆ ಕೂತು ದೂರು ಬರೆದುಕೊಳ್ಳುತ್ತಿದ್ದ. ಮ್ಯಾನೇಜರ್ ಹೇಳಿದ ಹಳಸಲು ಜೋಕಿಗೆ ಹದಿನಾಲ್ಕು ಮಂದಿ ಒಟ್ಟಿಗೆ ಹಲ್ಲು ಕಿರಿಯುವುದನ್ನು ಆರು ವರ್ಷ ನೋಡಿದ. ಪಕ್ಕದ ಕುರ್ಚಿಯ ಗೆಳೆಯನ ಜೊತೆ, ಮಧ್ಯಾಹ್ನದ ಬಿಡುವಿನಲ್ಲಿ, ಮೊಬೈಲಿನಲ್ಲಿ ಮೊದಲ ವಿಡಿಯೋ ಮಾಡಿದ. ಗುಮಾಸ್ತನೊಬ್ಬ ಲಿಫ್ಟಿನಲ್ಲಿ ಸಿಕ್ಕಿಕೊಂಡು, ತನ್ನದೇ ಆಫೀಸಿಗೆ ಫೋನ್ ಮಾಡಿ, ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬ ತನ್ನದೇ ದನಿಯನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುವುದು ಅದರ ಕತೆ. ಜನ ಬಿದ್ದು ಬಿದ್ದು ನಕ್ಕರು. ಮ್ಯಾನೇಜರ್ ನಗಲಿಲ್ಲ, ಕೆಲಸ ಹೋಯಿತು.

“ಆರು ವರ್ಷದಲ್ಲಿ ಈ ಆಫೀಸಲ್ಲಿ ನಾನು ನೋಡಿದ ಮೊದಲ ನಿಜವಾದ ಮುಖ ಕಣೋ ಅದು,” ಎಂದ ಗೆಳೆಯನಿಗೆ.

ನಲವತ್ತು ವಿಡಿಯೋಗಳಾದ ಮೇಲೆ ಟಿವಿಯಿಂದ ಕರೆ ಬಂತು. ವಾರಕ್ಕೊಂದು ಕಂತು, ಬರೆಯುವುದು ಇಬ್ಬರೂ, ನಟಿಸುವುದು ಅವನು. ಅಲ್ಲಿ ಬೇರೆ ರೋಗ. ಚಾನೆಲ್ಲಿನವರು ಏನು ಓದಿದರೂ ನಗುತ್ತಿದ್ದರು, ಮರುದಿನ ಅದನ್ನೇ ಕತ್ತರಿಸುತ್ತಿದ್ದರು. ಆಗ ಅವನೊಂದು ಉಪಾಯ ಹೂಡಿದ. ಪ್ರತಿ ಸ್ಕ್ರಿಪ್ಟಿನಲ್ಲೂ ಬೇಕೆಂದೇ ಒಂದು ಸತ್ತ ಜೋಕು ಸೇರಿಸಿ ಓದತೊಡಗಿದ. ಅದಕ್ಕೆ ಅವನಿಟ್ಟ ಹೆಸರು ಜೊಳ್ಳು. ‘ಒಂದು ಕುರ್ಚಿ ಇತ್ತು, ಅದರ ಪಕ್ಕ ಇನ್ನೊಂದು ಕುರ್ಚಿ ಇಟ್ಟರು’ ಎನ್ನುವ ಜಾತಿಯದು. ಎಲ್ಲಿ ಸೇರಿಸಿದ್ದಾನೆಂದು ಯಾರಿಗೂ ಹೇಳುತ್ತಿರಲಿಲ್ಲ. ಜೊಳ್ಳಿಗೆ ನಕ್ಕವರ ಉಳಿದ ನಗುವನ್ನೂ ಅವನು ತೂರಿಬಿಡುತ್ತಿದ್ದ. ಆ ಪರೀಕ್ಷೆಯಲ್ಲಿ ಹನ್ನೊಂದು ವರ್ಷ ಪಾಸಾದವರು ಮೂವರೇ: ಗೆಳೆಯ, ಹೆಂಡತಿ, ಮತ್ತು ಕಂತುಗಳ ಎಡಿಟರ್. ಎಡಿಟರ್ ಅಂತೂ ಅಷ್ಟು ವರ್ಷದಲ್ಲಿ ನಾಲ್ಕೇ ಸಲ ನಕ್ಕಿದ್ದ.

ಹೋದ ವರ್ಷ ಅವನ ಹೊಟ್ಟೆಯಲ್ಲಿ ಗಂಟು ಬೆಳೆದು ಆಪರೇಷನ್ ಆಯಿತು. ‘ತೆಗೆದಾಯ್ತು, ಇನ್ನು ಆರಾಮಾಗಿರಲಿ’ ಎಂದು ಡಾಕ್ಟರು ಹೇಳಿದರೆಂದು ಹೆಂಡತಿ ಹೇಳಿದಳು. ಮೂರು ವಾರ ಕಳೆದು, ಅವನು ಸೋಮವಾರದ ಸ್ಕ್ರಿಪ್ಟ್ ಓದಿಗೆ ಬಂದು ಉದ್ದ ಮೇಜಿನ ತುದಿಯಲ್ಲಿ ಕೂತ. ಸರಣಿಯ ಕೊನೆಯ ಕಂತು. ಆರನೇ ಪುಟದಲ್ಲಿ ಜೊಳ್ಳು ಬಂತು. ಎಡಿಟರ್ ನಕ್ಕ.

ಅವನು ತಲೆಯೆತ್ತಿದರೆ ಗೆಳೆಯನೂ ನಗುತ್ತಿದ್ದ. ಓದು ಮುಗಿದದ್ದೇ ಗೆಳೆಯನನ್ನು ಕಾರಿಡಾರಿನಲ್ಲಿ ಹಿಡಿದ.

“ಕಾರ್ಯಕ್ರಮ ನಿಲ್ಲಿಸ್ತಿದ್ದಾರಾ?”

“ಇಲ್ಲಪ್ಪಾ! ಮುಂದಿನ ಸರಣಿಗೆ ಸೆಟ್ಟಿಗೆ ಬಣ್ಣ ಹೊಡೀತಿದ್ದಾರೆ, ಹೋಗಿ ನೋಡು.”

ಹೋಗಿ ನೋಡಿದ. ಬೆರಳಿಗೆ ಹಸಿ ಬಣ್ಣ ಅಂಟಿತು. ತಿರುಗಿ ಬಂದ.

“ಹಾಗಾದ್ರೆ ನನ್ನನ್ನ ತೆಗೀತಿದ್ದಾರೆ.”

“ನಿನ್ನನ್ನ ತೆಗೆದ್ರೆ ಲಿಫ್ಟಲ್ಲಿ ಯಾರಪ್ಪ ಸಿಕ್ಕಿಕೊಳ್ಳೋದು? ಮನೆಗೆ ಹೋಗಿ ಸ್ವಲ್ಪ ಮಲಕ್ಕೋ.”

ಆ ಕೊನೆಯ ಮಾತು ಅವನಿಗೆ ಹಿಡಿಸಲಿಲ್ಲ. ಮಲಕ್ಕೋ ಎಂದು ಈ ಪುಣ್ಯಾತ್ಮ ಜನ್ಮದಲ್ಲಿ ಹೇಳಿದವನಲ್ಲ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ದಿನವಿಡೀ ಕೇಳಿ ಬರುವವಳಿಗೆ ಸುಳ್ಳು ನಗು ಒಗ್ಗುತ್ತಿರಲಿಲ್ಲ. ಸಂಜೆ ಅವಳು ಬಟ್ಟೆ ಮಡಚುತ್ತಿದ್ದಾಗ ಎರಡು ಪುಟ ಓದಿದ, ಎರಡರಲ್ಲೂ ಜೊಳ್ಳು. ಮೊದಲನೆಯದಕ್ಕೆ ನಕ್ಕಳು. ಎರಡನೆಯದಕ್ಕೆ ಇನ್ನೂ ಜೋರಾಗಿ ನಕ್ಕು, ಕೈಯಲ್ಲಿದ್ದ ಟವೆಲಿನಿಂದ ಕಣ್ಣೊರೆಸಿಕೊಂಡಳು.

“ಅಷ್ಟು ಚೆನ್ನಾಗಿದೆಯಾ?”

“ಹೂಂ ರೀ. ತುಂಬಾ.”

ಮಾರನೆಯ ಬೆಳಿಗ್ಗೆ ಗೆಳೆಯನ ಬಾಗಿಲು ತಟ್ಟಿದ. ಕೈಯಲ್ಲೊಂದು ಹಾಳೆ, ಅದರ ತುಂಬ ಬರೀ ಜೊಳ್ಳು. ನಿಂತೇ ಓದಿದ. ಗೆಳೆಯ ಮೊದಲ ಸಾಲಿಗೆ ನಕ್ಕ, ಎರಡನೆಯದಕ್ಕೂ ನಕ್ಕ. ಮೂರನೆಯದಕ್ಕೆ ಬಾಯಿ ತೆರೆದನೇ ಹೊರತು ನಗು ಹೊರಡಲಿಲ್ಲ.

“ಎಷ್ಟು ದಿನ ಅಂದ್ರು?”

“ಯಾರು?”

“ಡಾಕ್ಟರು.”

ಗೆಳೆಯ ಗೋಡೆಗೆ ಒರಗಿದ. “ಆರು ತಿಂಗಳು. ಹೆಚ್ಚೂ ಆಗಬಹುದು ಅಂದ್ರು ಕಣೋ. ಹೇಳ್ಬೇಡ ಅಂತ ಅತ್ತಿಗೆ…”

“ಅದನ್ನ ಮುಚ್ಚಿಡೋಕೆ ಇಂಥ ದರಿದ್ರಕ್ಕೆಲ್ಲ ನಕ್ರೇನೋ, ಪಾಪಿಗಳಾ?” ಎನ್ನುತ್ತ ಅವನು ಹೊಸ್ತಿಲ ಮೇಲೆಯೇ ಕೂತುಬಿಟ್ಟ. “ನನ್ನ ಕೈಲಿ ಉಳಿದಿರೋದು ಒಂದೇ ಕಂತು. ಯಾವುದು ಚೆನ್ನಾಗಿಲ್ಲ ಅಂತ ಹೇಳೋರೇ ಇಲ್ದೆ ಹೇಗೋ ಬರೀಲಿ? ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಯ್ತು.”

ಮುಂದಿನ ಸೋಮವಾರ ಹೆಂಡತಿಯೂ ರಜೆ ಹಾಕಿ ಆ ಮೇಜಿಗೆ ಬಂದಳು. ಅವನು ಹೊಸ ದೃಶ್ಯವೊಂದನ್ನು ಓದಿದ: ಗಂಡನ ಕಾಯಿಲೆಯನ್ನು ಗಂಡನಿಂದಲೇ ಮುಚ್ಚಿಡಲು ಹೆಣಗುವ ಹೆಂಡತಿ. ಯಾರೂ ನಗಲಿಲ್ಲ. ಎಡಿಟರ್ ಉಗುರು ನೋಡಿಕೊಂಡ. ಗೆಳೆಯ, “ಉದ್ದ ಆಯ್ತು,” ಎಂದ.

ಅವನು ಹಾಳೆ ಕೆಳಗಿಟ್ಟು ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. “ಈಗ ನಗದೆ ಇರೋದೂ ನನ್ನ ಸಮಾಧಾನಕ್ಕೇ ಅಲ್ವಾ?”

ಹೌದೆಂದರೂ ಅನುಮಾನ, ಅಲ್ಲವೆಂದರೂ ಅನುಮಾನ.

“ಯಾರ ಸಮಾಧಾನಕ್ಕೂ ಅಲ್ಲ,” ಎಂದಳು ಹೆಂಡತಿ. ಮುಖ ಕೆಂಪಗಾಗಿತ್ತು. “ಅದರಲ್ಲಿರೋ ಹೆಂಗಸು ಪೆದ್ದಿ. ರಿಪೋರ್ಟನ್ನ ದಿಂಬಿನ ಕೆಳಗೆ ಬಚ್ಚಿಡ್ತಾಳಂತೆ! ಗಂಡ ಮಹಾ ಜಾಣನಂತೆ! ಆಸ್ಪತ್ರೆಯಿಂದ ಬಂದ ಮೂರನೇ ದಿನ ನೀವು ನನ್ನ ಚೀಲ ತಡಕಾಡಿದ್ದು ನನಗೆ ಗೊತ್ತಿಲ್ವಾ? ಏನೂ ಸಿಗದೆ ನೆಮ್ಮದಿಯಾಗಿ ಮಲಗಿದ್ರಿ. ನಾನು ಅದನ್ನ ಇಟ್ಟಿದ್ದು ನಿಮ್ಮ ಹಳೇ ಸ್ಕ್ರಿಪ್ಟುಗಳ ಮಧ್ಯೆ. ನೀವು ಬರೆದಿದ್ದನ್ನ ನೀವೇ ಯಾವತ್ತಾದ್ರೂ ತಿರುಗಿ ಓದಿದ್ದೀರಾ?”

ಎಡಿಟರ್ ಫಕ್ಕನೆ ನಕ್ಕುಬಿಟ್ಟ. ಕೂಡಲೇ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದ. ಭುಜ ಮಾತ್ರ ಕುಲುಕುತ್ತಲೇ ಇತ್ತು.

ಅವನು ಎಡಿಟರನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಿತ್ತ. “ತಾಳು, ಅದನ್ನ ಇನ್ನೊಂದ್ಸಲ ಹೇಳು,” ಎಂದ ಹೆಂಡತಿಗೆ.

“ಹೇಳಲ್ಲ. ನೀವೇ ತಾನೆ ಬರಹಗಾರರು? ಬರೀರಿ.”

ದೃಶ್ಯದ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದು, ಹಾಳೆ ಮಗುಚಿ ಅವನು ಬರೆಯತೊಡಗಿದ. ಎರಡನೆಯ ಸಾಲಿಗೇ ಅವಳು ಬಗ್ಗಿ ನೋಡಿ, “ನಾನು ಹಾಗೆ ಹೇಳ್ಲಿಲ್ಲ,” ಎಂದಳು.