ಚಾರ್ಜು ಎಲ್ಲಿ ಹೋಗುತ್ತಿತ್ತು

ಸೊರಬದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಲು ಜನ ಬೇಕಾಗಿತ್ತು. ಮೊದಲು ಒಂದು ಪಾಠ ಮಾಡಿ ತೋರಿಸಬೇಕು. ಮದುವೆಯಾಗಿ ಶಿಕಾರಿಪುರಕ್ಕೆ ಬಂದಮೇಲೆ ನನಗೆ ಒದಗಿದ ಮೊದಲ ಅವಕಾಶ. ಫೋನ್ ಮಾಡಿದವರು ಕೊನೆಗೆ, "ಅವತ್ತು ಲೈನ್ ಕೆಲ್ಸ ಇದೆಯಂತೆ, ಕರೆಂಟ್ ಇರಲ್ಲ. ಲ್ಯಾಪ್‌ಟಾಪ್ ಚಾರ್ಜ್ ಮಾಡ್ಕಂಡು ಬನ್ನಿ" ಎಂದರು. ನನ್ನ ಲ್ಯಾಪ್‌ಟಾಪ್ ಆಗ ಅರ್ಧ ಪಾಠಕ್ಕೂ ಬಾಳುತ್ತಿರಲಿಲ್ಲ.

ರಾತ್ರಿ ಚಾರ್ಜಿಗೆ ಹಾಕಿ, ಬೆಳಿಗ್ಗೆ ತೆಗೆದು ಮೇಜಿನ ಮೇಲಿಟ್ಟು ಅಡುಗೆಮನೆ ಸೇರುತ್ತಿದ್ದೆ. ರೊಟ್ಟಿ ಬಡಿದು ಮುಗಿಸಿ ಅಭ್ಯಾಸಕ್ಕೆ ಕೂತರೆ, ಬೇರು ಮುಗಿದು ಕಾಂಡಕ್ಕೆ ಬರುವಷ್ಟರಲ್ಲಿ ಪರದೆ ಕಪ್ಪು. ಬೇಡದ ಪ್ರೋಗ್ರಾಮುಗಳನ್ನೆಲ್ಲ ತೆಗೆದೆ. ಊಹೂಂ. ರಿಪೇರಿ ಅಂಗಡಿಯವನು ಪರೀಕ್ಷಿಸಿ, "ಬ್ಯಾಟ್ರಿ ಗಟ್ಟಿ ಐತ್ರಿ ಮೇಡಂ. ಮನ್ಯಾಗೆ ಬ್ಯಾರೆ ಯಾರಾದ್ರೂ ಬಳಸ್ತಾರೇನು ನೋಡ್ರಿ" ಎಂದ. ಯಾರು ಬಳಸಬೇಕು? ಗಂಡನಿಗೆ ತನ್ನ ಗೊಬ್ಬರದ ಅಂಗಡಿ ಬಿಟ್ಟರೆ ಲೋಕವಿಲ್ಲ, ಅತ್ತೆಗೆ ಟಿವಿ ರಿಮೋಟೇ ತಲೆನೋವು. ನನಗೆ ಸಿಟ್ಟೇ ಬಂತು.

ಮರುದಿನ ಬೆಂಕಿಪೊಟ್ಟಣ ಬೇಕಾಗಿ ದೇವರ ಕೋಣೆಗೆ ಇಣುಕಿದೆ. ಮಣೆಯ ಮೇಲೆ ನನ್ನ ಲ್ಯಾಪ್‌ಟಾಪ್! ತೆರೆದ ಪರದೆಯಲ್ಲಿ ತೊಗರ್ಸಿಯ ಮಲ್ಲಿಕಾರ್ಜುನ ಝಗಝಗ ಹೊಳೆಯುತ್ತಿದ್ದಾನೆ. ಕೆಲಸ ಸಿಗಲಿ ಎಂದು ಗಂಡ ಹಾಕಿಕೊಟ್ಟಿದ್ದ ಚಿತ್ರ ಅದು. ಮುಂದೆ ಊದುಬತ್ತಿ ಹಚ್ಚಿ ಅತ್ತೆ ಕಣ್ಣುಮುಚ್ಚಿ ಕೂತಿದ್ದರು.

"ಇದೇನ್ರೀ ಅತ್ತೆ?"

"ನಿನ್ ಕೆಲ್ಸಕ್ಕಂತಾನೇ ದಿನಾ ಬೇಡ್ಕಳ್ತೀನಿ. ದೇವ್ರು ಗಳಿಗೆಗೊಮ್ಮೆ ಕತ್ಲಾಗ್ತಿದ್ದ, ಆರದಂಗೆ ಮಾಡು ಅಂತ ನಿನ್ ಗಂಡಂಗೆ ಹೇಳಿ ಮಾಡ್ಸೀನಿ. ಈ ಸೂರ್ಯನ ಗುರ್ತು ಒತ್ತಿದ್ರೆ ಬೆಳಕೂ ಜಾಸ್ತಿ ಆಗ್ತತಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪೂಜೆ ಮುಗಿದರೂ ನನ್ನ ರೊಟ್ಟಿ ಮುಗಿಯುವವರೆಗೆ ದೇವರು ಉರಿಯುತ್ತಲೇ ಇರುತ್ತಿದ್ದ. ನಾನು ಬರುವ ಮುಂಚೆ ಲ್ಯಾಪ್‌ಟಾಪ್ ಸದ್ದಿಲ್ಲದೆ ಮೇಜಿಗೆ ಬರುತ್ತಿತ್ತು. ಹೀಗೆ ಹಚ್ಚಿಟ್ಟರೆ ಚಾರ್ಜೆಲ್ಲ ತೀರುತ್ತದೆಂದು ಹೇಳಿದೆ. ಅತ್ತೆಯ ಮುಖ ಸಣ್ಣಗಾಯಿತು.

"ಹಂಗಂತ ದೇವ್ರನ್ನ ಮುಚ್ಚಿಡಾಕ್ ಆಗ್ತತೇನು?"

"ತೊಗರ್ಸ್ಯಾಗೆ ಮಂಗಳಾರತಿ ಆದ್ಮೇಲೆ ಗುಡಿ ಬಾಗ್ಲು ಹಾಕಲ್ವೇನ್ರೀ?"

ಅತ್ತೆ ಆರತಿ ಬೆಳಗಿ, ಎರಡೂ ಕೈಯಿಂದ ಮೆಲ್ಲಗೆ ಪರದೆ ಮಡಚಿದರು. ಸಂಜೆ ಗಂಡ ಎಲ್ಲವನ್ನೂ ಮೊದಲಿನಂತೆ ಮಾಡಿಕೊಟ್ಟ. ಮರುದಿನ ಅಭ್ಯಾಸದಲ್ಲಿ ಇಡೀ ಪಾಠ ಮುಗಿದರೂ ಚಾರ್ಜು ಧಾರಾಳವಾಗಿ ಉಳಿದಿತ್ತು. ಅಬ್ಬಾ, ಮನಸ್ಸು ಎಷ್ಟು ಹಗುರ!

ಪಾಠದ ದಿನ ಸೊರಬದಲ್ಲಿ ಹೇಳಿದಂತೆಯೇ ಕರೆಂಟಿರಲಿಲ್ಲ. ಪರೀಕ್ಷಿಸಲು ಬಂದವರು ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನ ಸುತ್ತ ಕೂತರು. ಬೇರಿನಿಂದ ಹೂವಿನವರೆಗೆ ಒಮ್ಮೆಯೂ ನಿಲ್ಲಲಿಲ್ಲ. "ಸೋಮವಾರದಿಂದ ಬನ್ನಿ" ಎಂದರು.

ಬಸ್‌ಸ್ಟ್ಯಾಂಡಿನಿಂದ ಮನೆಗೆ ಫೋನ್ ಮಾಡಿದೆ. ಅತ್ತೆಯೇ ಎತ್ತಿಕೊಂಡರು.

"ನಡುವೆ ಆರ್ಲಿಲ್ಲ ಹೌದಲ್ಲೇ?"

"ಇಲ್ರೀ. ಕೆಲ್ಸ ಸಿಕ್ತು."

"ನನ್ ಪೂಜೆಯಿಂದ್ಲೇ ನಿನ್ ಕೆಲ್ಸ ಕೆಡ್ತತೇನೋ ಅಂತ ಬೆಳಗ್ಗಿಂದ ಒಂದ್ ತುತ್ತೂ ಇಳಿದಿಲ್ಲ ಕಣೇ" ಎಂದರು. ನನಗೆ ಅಳು ಬಂತು. "ಉಣ್ರಿ ಮೊದ್ಲು" ಎಂದೆ. ಅತ್ತೆ ತಟ್ಟೆ ತೆಗೆದ ಸದ್ದು ಫೋನಿನಲ್ಲೇ ಕೇಳಿಸಿತು.