ನಾಗಪುರದ ಆ ಲ್ಯಾಂಡಿಂಗ್

ಸುರಪುರ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನನ್ನ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. "ಮಲ್ಲು ವಿಮಾನ ಹಾರಸ್ತಿದ್ದ, ಗಾಳಿಗೆ ಅಂಜಿ ಬಿಟ್ಟು ಬಂದಾನ." ಯಾದಗಿರಿಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವನು ನಾನು. ಹೀಗಾಗಿ ಈ ವಾಕ್ಯವನ್ನು ಬಿಡಿಸಿ ನೋಡುವ ಚಟ ತಡೆಯಲಾಗುವುದಿಲ್ಲ. ವಿಮಾನ ಹಾರಿಸುತ್ತಿದ್ದೆ: ನಿಜ. ಬಿಟ್ಟು ಬಂದೆ: ಅದೂ ನಿಜ. ಗಾಳಿಗೆ ಅಂಜಿದೆ: ಇದಕ್ಕೆ ಸಾಕ್ಷಿ ಯಾರು? ಒಬ್ಬನೇ ಒಬ್ಬ. ಆ ಒಬ್ಬನ ಬಗ್ಗೆಯೇ ಈ ಬರಹ.

ಆಗ ನಾನು ಸರಕು ಸಾಗಿಸುವ ಒಂದು ವಿಮಾನ ಕಂಪನಿಯಲ್ಲಿ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್‌ನ ಬಲಕ್ಕೆ ಕೂರುವ ಸಹಪೈಲಟ್. ನೌಕರಿಗೆ ಸೇರಿ ಮೂರು ವರ್ಷ ತುಂಬಿತ್ತು. ಕಂಪನಿ ಹನ್ನೆರಡು ವಿಮಾನ ತರುವುದಾಗಿ ಹೇಳಿ ಅಷ್ಟಕ್ಕೂ ಪೈಲಟ್‌ಗಳನ್ನು ಮೊದಲೇ ತೆಗೆದುಕೊಂಡಿತ್ತು. ಬಂದದ್ದು ನಾಲ್ಕು. ನಾಲ್ಕು ವಿಮಾನಕ್ಕೆ ಐವತ್ತು ಜನ ಸಾಕು, ನಾವು ನೂರಾ ಹತ್ತು ಮಂದಿ ಇದ್ದೆವು. ಕ್ಯಾಪ್ಟನ್ ಆಗಲು ಒಂದೂವರೆ ಸಾವಿರ ತಾಸಿನ ಹಾರಾಟ ಬೇಕು. ಕೆಲಸವಿರುವ ಕಂಪನಿಯಲ್ಲಿ ಎರಡು ವರ್ಷದ ಮಾತು ಅದು. ನನ್ನ ಲಾಗ್‌ಬುಕ್ಕಿನಲ್ಲಿ, ಅಂದರೆ ಪ್ರತಿ ಹಾರಾಟವನ್ನೂ ಬರೆದಿಡುವ ಪುಸ್ತಕದಲ್ಲಿ, ವರ್ಷಕ್ಕೆ ನೂರಾ ನಲವತ್ತು ತಾಸೂ ಸರಿಯಾಗಿ ಸೇರುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಸಂಕಟ ತೊಂಬತ್ತು ದಿನದ ನಿಯಮ. ಪೈಲಟ್ ಆದವನು ಯಾವುದೇ ತೊಂಬತ್ತು ದಿನಗಳಲ್ಲಿ ಕನಿಷ್ಠ ಮೂರು ಸಲ ತಾನೇ ವಿಮಾನ ಏರಿಸಿ ಇಳಿಸಿರಬೇಕು. ಇಲ್ಲವಾದರೆ ಅವನು ಹಾರುವಂತಿಲ್ಲ. ಸಿಮ್ಯುಲೇಟರಿನಲ್ಲಿ, ನೆಲದ ಮೇಲಿನ ಆ ನಕಲಿ ಕಾಕ್‌ಪಿಟ್ಟಿನಲ್ಲಿ, ಮತ್ತೆ ಪರೀಕ್ಷೆ ಕೊಡಬೇಕು. ಒಂದು ಹಾರಾಟಕ್ಕೆ ಇಳಿಯುವುದು ಒಂದೇ ಸಲ, ಕಾಕ್‌ಪಿಟ್ಟಿನಲ್ಲಿ ಇರುವವರು ಇಬ್ಬರು. ಮಂದಿ ಹೆಚ್ಚಾದಲ್ಲಿ ಜಗಳ ಸಂಬಳಕ್ಕಲ್ಲ, ಲ್ಯಾಂಡಿಂಗಿಗೆ. ಕ್ಯಾಂಟೀನಿನಲ್ಲಿ "ಊಟ ಆಯ್ತಾ" ಎಂದು ಕೇಳುವಂತೆ ನಾವು "ಎಷ್ಟಾಯ್ತು" ಎಂದು ಕೇಳುತ್ತಿದ್ದೆವು.

ಈ ಹಂಚಿಕೆ ಮಾಡುತ್ತಿದ್ದವರು ತರಬೇತಿ ಮ್ಯಾನೇಜರ್ ಕ್ಯಾಪ್ಟನ್ ವಿರೂಪಾಕ್ಷ. ಸುರಪುರದವರೇ. ನನ್ನನ್ನು ಕಂಪನಿಗೆ ಕರೆತಂದವರೂ ಅವರೇ. "ನಮ್ಮೂರ ಹುಡುಗ, ನನ್ನ ಕೈಯಾಗ ಕ್ಯಾಪ್ಟನ್ ಆಗ್ತಾನ" ಎಂದು ನನ್ನಪ್ಪನ ಎದುರು ಹೇಳಿದ್ದರು. ವಾರದಲ್ಲಿ ಐದು ದಿನ ಅವರು ಮೇಜಿನ ಹಿಂದೆ ಇರುತ್ತಿದ್ದರು. ಈ ವಿವರ ನೆನಪಿಟ್ಟುಕೊಳ್ಳಿ.

ನನ್ನ ಲೆಕ್ಕದ ಎಂಬತ್ತೆಂಟನೇ ದಿನ ಬೆಳಿಗ್ಗೆ ಅವರ ಜೊತೆ ಹೈದರಾಬಾದಿನಿಂದ ನಾಗಪುರಕ್ಕೆ ನನ್ನ ಪಾಳಿ ಬಂತು. ಕೈಯಲ್ಲಿ ಎರಡು ಲ್ಯಾಂಡಿಂಗ್ ಇದ್ದವು, ಮೂರನೆಯದು ಇದೇ. ಹೊರಡುವ ಮೊದಲು ಹಾಗೆಂದೇ ಗೊತ್ತುಮಾಡಿಕೊಂಡಿದ್ದೆವು. ಏರಿಸಿದ್ದು ನಾನು. ನಾಗಪುರ ಕಂಡಿತು, ಚಕ್ರ ಇಳಿಸಿದೆವು. ಗಾಳಿ ಐದು ನಾಟ್, ಅಂದರೆ ತಾಸಿಗೆ ಒಂಬತ್ತು ಕಿಲೋಮೀಟರ್, ನೇರ ಎದುರಿನಿಂದ ಎಂದು ನಿಲ್ದಾಣದ ಟವರ್ ಹೇಳಿತು. ಇಳಿಯಲು ಅದಕ್ಕಿಂತ ಒಳ್ಳೆಯ ಗಾಳಿ ಇಲ್ಲ. ನೆಲಕ್ಕೆ ಇನ್ನು ಐನೂರು ಅಡಿ ಇರುವಾಗ ಕ್ಯಾಪ್ಟನ್ ಕೈ ಮುಂದೆ ಬಂತು.

"ಗಾಳಿ ಸರಿ ಇಲ್ಲ. ಐ ಹ್ಯಾವ್ ಕಂಟ್ರೋಲ್."

ಆ ಮಾತು ಬಂದ ಮೇಲೆ ಕೈ ಬಿಡಬೇಕು. ಐನೂರು ಅಡಿಯಲ್ಲಿ ಚರ್ಚಾಸ್ಪರ್ಧೆ ನಡೆಯುವುದಿಲ್ಲ. ಬಿಟ್ಟೆ. ಅವರು ಇಳಿಸಿದರು, ಅಂದವಾಗಿಯೇ ಇಳಿಸಿದರು. ಮಂದಿ ಹೆಚ್ಚಿದ್ದ ಕಂಪನಿಯಲ್ಲವೇ, ವಾಪಸು ಹಾರಿಸಲು ಬೇರೆ ಜೋಡಿ ಕಾದು ನಿಂತಿತ್ತು. ನಾನು ಸರಕಿನ ಡಬ್ಬಗಳ ಮುಂದಿನ ಮಡಿಚುವ ಸೀಟಿನಲ್ಲಿ ಕೂತು ಬಂದೆ. ಎರಡು ದಿನಕ್ಕೆ ಅವಧಿ ಮುಗಿಯಿತು. ಸಿಮ್ಯುಲೇಟರಿನ ಸರದಿಗೆ ನಾಲ್ಕು ತಿಂಗಳು ಕಾದೆ. ಅಷ್ಟರಲ್ಲಿ ನನ್ನ ಕಡತದಲ್ಲಿ ಕ್ಯಾಪ್ಟನ್ ಅಕ್ಷರದ ಸಾಲೊಂದು ಕೂತಿತ್ತು: "ಗಾಳಿಯಲ್ಲಿ ಹಿಂಜರಿಕೆ." ಆ ಸಾಲಿನ ಬಲದಿಂದ ನನ್ನ ನಂತರ ಸೇರಿದವರು ನನ್ನನ್ನು ದಾಟಿ ಹೋದರು. ಮರುವರ್ಷ ರಾಜೀನಾಮೆ ಕೊಟ್ಟೆ. ಕೊಡುವ ಮೊದಲು ಆ ಬೆಳಗಿನ ನಾಗಪುರದ ಹವಾಮಾನ ವರದಿಯ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡೆ. ಈಗ ಶಹಾಪುರದಲ್ಲಿದ್ದು ಪೈಲಟ್ ಪರೀಕ್ಷೆಗೆ ಓದುವವರಿಗೆ ಹವಾಮಾನಶಾಸ್ತ್ರ ಹೇಳಿಕೊಡುತ್ತೇನೆ. ಗಾಳಿಯ ಪಾಠವನ್ನು ವಿಶೇಷ ಪ್ರೀತಿಯಿಂದ ಮಾಡುತ್ತೇನೆ.

ಎರಡು ವರ್ಷದ ಮೇಲೆ, ಕಾಲುವೆಗೆ ನೀರು ಬಿಟ್ಟ ಎರಡನೇ ವಾರ, ಕ್ಯಾಪ್ಟನ್ ವಿರೂಪಾಕ್ಷ ಶಹಾಪುರಕ್ಕೆ ಬಂದರು. ಒಂದು ಕಲ್ಯಾಣಮಂಟಪದಲ್ಲಿ "ಪೈಲಟ್ ವೃತ್ತಿಯ ಭವಿಷ್ಯ" ಎಂಬ ಸಭೆ. ನನ್ನ ವಿದ್ಯಾರ್ಥಿನಿ ಸುಜಾತಾಳಿಗೆ ಅಲ್ಲೇ ಕಂಪನಿಯ ನೇಮಕಪತ್ರ ಕೊಡುವವರಿದ್ದರು. ದೋರನಹಳ್ಳಿಯ ಹುಡುಗಿ, ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪೈಲಟ್ ಲೈಸೆನ್ಸ್ ಪಡೆದವಳು. ಅವಳ ಕೈಯಲ್ಲಿ ಇನ್ನೊಂದು ಪತ್ರವೂ ಇತ್ತು: ವಿಮಾನ ನಿಲ್ದಾಣದ ಟವರಿನಲ್ಲಿ ನಿಯಂತ್ರಣಾಧಿಕಾರಿಯ ಹುದ್ದೆ, ಬರುವ ಸೋಮವಾರದೊಳಗೆ ಸೇರಬೇಕು. ಕ್ಯಾಪ್ಟನ್ ಕೊಡುವ ಪತ್ರಕ್ಕೆ ಅವಳು ಸಹಿ ಹಾಕಿದರೆ ಐದು ವರ್ಷ ಕಂಪನಿ ಬಿಡುವಂತಿಲ್ಲ, ಟವರಿನ ಹುದ್ದೆ ಕೈತಪ್ಪುತ್ತದೆ.

ಅವಳನ್ನು ಕಾಪಾಡಲು ಹೋದೆ ಎಂದು ಬರೆದರೆ ಓದುವವರಿಗೆ ಹಿತವಾದೀತು. ಸುಳ್ಳು. ಹವಾಮಾನ ವರದಿಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಸೇಡಿಗೆ ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ ಬೇರೆ.

ಕ್ಯಾಪ್ಟನ್ ಚೆನ್ನಾಗಿ ಮಾತಾಡಿದರು. ವಿಮಾನಗಳು ಬರಲಿವೆ, ತಾಳ್ಮೆ ಇದ್ದವರಿಗೆ ಕ್ಯಾಪ್ಟನ್ ಕೂರುವ ಎಡಗಡೆಯ ಸೀಟು ಖಂಡಿತ ಎಂದರು. ಆಮೇಲೆ ನನ್ನ ಕಡೆ ನೋಡದೆಯೇ, "ನಮ್ಮ ಭಾಗದವನೇ ಒಬ್ಬ ಇದ್ದ. ತಾಳ್ಮಿ ಇರಲಿಲ್ಲ, ಸ್ವಲ್ಪ ಗಾಳಿ ಬೀಸಿದ್ರ ಕೈ ನಡಗತಿದ್ದು" ಎಂದರು. ಸಭೆ ನಕ್ಕಿತು. ಚಹಾದಂಗಡಿಯ ಕಥೆಯ ಮೂಲ ಆ ಬಾಯಿ.

ನಾನು ಎದ್ದೆ. ಎದುರಾಳಿಯ ವಾದವನ್ನು ಅವನಿಗಿಂತ ಚೊಕ್ಕವಾಗಿ ಮಂಡಿಸಿ ಆಮೇಲೆ ಮುರಿಯಬೇಕೆಂದು ಕಲಿತವನು. "ಕ್ಯಾಪ್ಟನ್ ಹೇಳೋದು ಖರೆ. ವಿಮಾನ ಬಂದ್ರ ಪೈಲಟ್ ಬೇಕು, ಪೈಲಟ್ ಇದ್ರ ಕ್ಯಾಪ್ಟನ್ ಆಗ್ತಾರ. ನನ್ನ ಪ್ರಶ್ನೆ ಇಷ್ಟ: ಇವತ್ತ ವಿಮಾನ ಎಷ್ಟು, ಪೈಲಟ್ ಎಷ್ಟು ಮಂದಿ?"

"ಅದು ಕಂಪನಿ ಒಳಗಿನ ಮಾತು, ಮಲ್ಲು. ಕುಂದ್ರು."

"ನಾಕು. ನೂರಾ ಹತ್ತು. ನಾ ಇದ್ದಾಗಿನ ಲೆಕ್ಕ. ತಪ್ಪಿದ್ರ ತಿದ್ದರಿ."

ಅವರು ಗಡಿಯಾರ ನೋಡಿಕೊಂಡರು. ತೊಂಬತ್ತು ದಿನದ ನಿಯಮ ವಿವರಿಸಿದೆ. ಜನ ಆಕಳಿಸಿದರು. ನನ್ನ ವಾದ ಸರಿಯಿತ್ತು, ಸಭೆ ನನ್ನದಾಗಿರಲಿಲ್ಲ. ಆಗ ಹಿಂದಿನ ಸಾಲಿನಿಂದ ಸುಜಾತಾಳ ಅಪ್ಪ ಮರೆಪ್ಪ ಎದ್ದರು. ಅವರು ಕಾಲುವೆಯ ನೀರಗಂಟಿ. ಒಂದು ತೂಬಿನ ಕೆಳಗಿನ ಹೊಲಗಳಿಗೆ ತಾಸಿನ ಲೆಕ್ಕದಲ್ಲಿ ನೀರಿನ ಪಾಳಿ ಹಚ್ಚುವವರು. ಪ್ಯಾಂಟಿನ ಮಡಿಕೆಗೆ ಇನ್ನೂ ಕೆಸರು ಮೆತ್ತಿಕೊಂಡಿತ್ತು.

"ಸಾಹೇಬರ, ನನಗ ವಿಮಾನ ತಿಳಿಯಂಗಿಲ್ರಿ, ಪಾಳಿ ತಿಳಿತದ. ನೂರಾ ಹತ್ತು ಹೊಲಕ್ಕ ನಾಕ ತೂಬು. ನನ್ನ ಮಗಳು ನೂರಾ ಹನ್ನೊಂದನೇ ಹೊಲ. ಆಕಿ ಪಾಳಿ ಯಾವಾಗ ಬರ್ತದ್ರಿ?"

"ಹೊಸ ವಿಮಾನ ಬರ್ತಾವ, ಮರೆಪ್ಪ."

"ನಮ್ಮ ಇಂಜಿನಿಯರೂ ಹಂಗ ಅಂತಾರ್ರಿ, ಮ್ಯಾಲಿಂದ ನೀರು ಬಿಟ್ಟೀವಿ, ಬರ್ತದ ಅಂತ. ಕೊನಿ ಹೊಲದಾಂವ ಅದನ್ನ ನಂಬಿ ಬಿತ್ತಂಗಿಲ್ರಿ, ನೀರು ಕಂಡ ಮ್ಯಾಲ ಬಿತ್ತತಾನ." ಸಭೆ ಈಗ ಬೇರೆ ರೀತಿ ನಕ್ಕಿತು. ಮರೆಪ್ಪ ನನ್ನತ್ತ ತಿರುಗಿದರು. "ಸರ, ಪಾಳಿ ತಪ್ಪಿಸಿ ಮ್ಯಾಲಿನಾಂವ ತನ್ನ ಹೊಲಕ್ಕ ತಿರುವಿಕೊಳ್ಳೋದು ನಿಮ್ಮಲ್ಲೂ ಅದ ಏನ್ರಿ?"

ನನ್ನ ಕೈ ಜೇಬಿಗೆ ಹೋಯಿತು. "ಅದನ್ನ ಕ್ಯಾಪ್ಟನ್ ಅವರನ್ನ ಕೇಳ್ರಿ" ಎಂದೆ.

ಸುಜಾತಾ ಮುಂದೆ ಹೋಗಿ ನೇಮಕಪತ್ರವನ್ನು ಮೇಜಿನ ಮೇಲೆ ಇಟ್ಟಳು. ಸಹಿಯ ಜಾಗ ಖಾಲಿ. "ಸೋಮವಾರ ಟವರಿಗಿ ಹೊಂಟೀನ್ರಿ ಸರ" ಎಂದಳು. ಹೊರಗೆ ಬರುವಾಗ ನನ್ನನ್ನೂ ಬಿಡಲಿಲ್ಲ: "ನಾಕು, ನೂರಾ ಹತ್ತು ಅಂತ ನಿಮಗ ಮೊದಲೇ ಗೊತ್ತಿತ್ತಲ್ರಿ. ಕ್ಲಾಸಿನ್ಯಾಗ ಹೇಳಬಹುದಿತ್ತು. ಸಭಾ ಆಗೋತನಕ ಯಾಕ ಕಾದ್ರಿ?" ಉತ್ತರ ಇಬ್ಬರಿಗೂ ಗೊತ್ತಿತ್ತು. ತಲೆ ತಗ್ಗಿಸಿದೆ. ಸೇಡು ಮಾತ್ರ ತಗ್ಗಲಿಲ್ಲ.

ಆ ನೌಕರಿ ನನಗೆ ಕಲಿಸಿದ್ದು ಇಷ್ಟು: ಭವಿಷ್ಯ ಎಷ್ಟು ಎತ್ತರ ಎಂದು ಕೇಳುವ ಮೊದಲು ನಿಮ್ಮ ಮುಂದೆ ಎಷ್ಟು ಜನ ನಿಂತಿದ್ದಾರೆ, ಪಾಳಿಯ ಪಟ್ಟಿ ಯಾರ ಕೈಯಲ್ಲಿದೆ, ಆ ಕೈಗೂ ನೀರಡಿಕೆ ಇದೆಯೇ ಎಂದು ಕೇಳಿ. ಮೇಜಿನ ಹಿಂದೆ ಕೂರುವ ಕ್ಯಾಪ್ಟನ್‌ಗೂ ತೊಂಬತ್ತು ದಿನಕ್ಕೆ ಮೂರು ಲ್ಯಾಂಡಿಂಗ್ ಬೇಕು. ನನ್ನ ಊಹೆ ಇರುವುದು ಅಲ್ಲಿ. ಊಹೆ ಪುರಾವೆಯಲ್ಲ, ಒಪ್ಪುತ್ತೇನೆ. ಪುರಾವೆ ಇರುವುದು ಅವರ ಲಾಗ್‌ಬುಕ್ಕಿನಲ್ಲಿ.

ಸಭೆ ಮುಗಿದು ಕ್ಯಾಪ್ಟನ್ ಜೀಪು ಹತ್ತಿ ಕೂತಾಗ ಹವಾಮಾನ ವರದಿಯನ್ನು ಕಿಟಕಿಯಿಂದ ಅವರ ಮಡಿಲಿಗೆ ಹಾಕಿದೆ. ಐದು ನಾಟ್, ನೇರ ಎದುರಿನಿಂದ. ಓದಿದರು. ಮಡಿಚಿದರು. ಡ್ರೈವರ್ ಚಾವಿ ತಿರುಗಿಸಿದ. ಎಂಜಿನ್ ಸದ್ದಿನ ಮೇಲೆ ಕೂಗಿ ಕೇಳಿದೆ, ಇಲ್ಲಿ ಅಚ್ಚಿನಲ್ಲಿ ಮತ್ತೊಮ್ಮೆ ಕೇಳುತ್ತಿದ್ದೇನೆ:

"ಕ್ಯಾಪ್ಟನ್, ನಾಗಪುರದ ಆ ಲ್ಯಾಂಡಿಂಗ್ ನಿಮ್ಮ ತೊಂಬತ್ತು ದಿನದಾಗ ಎಷ್ಟನೇದು?"