ಒಂಬತ್ತರ ಮಗ್ಗಿಯಲ್ಲಿ ಧಾರವಾಡ

ಒಂದು ಟ್ಯೂನರ್ ಕೊಳ್ಳುವುದಕ್ಕೆ ಮೂರು ವಾರ ಹಿಡಿಯುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ನಾನು ಎಂಜಿನಿಯರನ್ನು ಮದುವೆಯಾಗುತ್ತಲೇ ಇರಲಿಲ್ಲ.

ಮರಾಠಿ ಸೀಮೆಯ ನಿಗಡಿಯಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ನನ್ನ ಗಂಡನ ಮ್ಯೂಸಿಕ್ ಸಿಸ್ಟಮ್ ಅರ್ಧ ಗೋಡೆ ನುಂಗಿ ಕೂತಿದೆ. ನನ್ನ ಸೊಂಟದೆತ್ತರದ ಎರಡು ಸ್ಪೀಕರು, ನಡುವೆ ಆಂಪ್ಲಿಫೈಯರು, ಅದರ ಮೇಲೆ ಚಪ್ಪಟೆ ಪೆಟ್ಟಿಗೆಯಂಥ ಟ್ಯೂನರು. ಟ್ಯೂನರಿಗೆ ಸ್ವಂತ ದನಿ ಇಲ್ಲ. ಅದು ರೇಡಿಯೋ ಸ್ಟೇಷನ್ ಹಿಡಿದು ಆಂಪ್ಲಿಫೈಯರಿಗೆ ದಾಟಿಸುತ್ತದೆ, ಅಷ್ಟೇ ಅದರ ಕೆಲಸ. ಉಳಿದದ್ದೆಲ್ಲ ನನ್ನ ಗಂಡನದು, ಆದರೆ ಟ್ಯೂನರ್ ಮಾತ್ರ ನಮ್ಮ ಅತ್ತೆಯದು.

ಅತ್ತೆ ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿ ನಿವೃತ್ತರಾದವರು, ಹನ್ನೊಂದು ವರ್ಷದಿಂದ ನಮ್ಮ ಜೊತೆ ಇದ್ದಾರೆ. ಈಚೆಗೆ ಅವರ ಕಣ್ಣು ಮಂಜಾಗುತ್ತ ಬಂದು ಈಗ ಬೆಳಕು, ಬಣ್ಣ, ಆಕಾರಗಳಷ್ಟೇ ತಿಳಿಯುತ್ತವೆ. ದಿನವಿಡೀ ಯಾರನ್ನಾದರೂ ಕರೆಯುತ್ತಲೇ ಇರಬೇಕು. "ಇದು ಮುಂಜಾನಿ ಗುಳಿಗಿಯೋ ಸಂಜೀದೋ ನೋಡವಾ." "ಫೋನ್ ಯಾರ್ದು ನೋಡವಾ." ಮೂವತ್ತೈದು ವರ್ಷ ಕ್ಲಾಸಿನ ಮುಂದೆ ನಿಂತು ಹುಕುಂ ಮಾಡಿದ ಹೆಂಗಸು ಹೀಗೆ ಕೇಳಬೇಕಾದಾಗ ದನಿ ಎಷ್ಟು ಸಣ್ಣದಾಗುತ್ತದೆ ಎಂಬುದು ನನಗೆ ಗೊತ್ತು, ನಾನು ಎಷ್ಟು ಸಿಡುಕುತ್ತೇನೆ ಎಂಬುದೂ ಗೊತ್ತು.

ಬೆಳಿಗ್ಗೆ ಧಾರವಾಡ ಸ್ಟೇಷನ್ ಹಚ್ಚುವುದಕ್ಕೆ ಮಾತ್ರ ಅವರಿಗೆ ಯಾರೂ ಬೇಕಿರಲಿಲ್ಲ. ಹಳೆಯ ಟ್ಯೂನರಿನ ಗಾಜಿನ ಮೇಲೆ, ಧಾರವಾಡ ಸಿಗುವ ಜಾಗದಲ್ಲಿ, ಹಣೆಗೆ ಹಚ್ಚಿಕೊಳ್ಳುವ ಕೆಂಪು ಟಿಕಳಿಯೊಂದನ್ನು ಅಂಟಿಸಿದ್ದರು. ಒಳಗಿನ ಮುಳ್ಳು ಟಿಕಳಿಯ ಹಿಂದೆ ಅಡಗುವ ತನಕ ಗುಂಡಿ ತಿರುಗಿಸಿದರೆ ಆಯಿತು, ಊರಿನ ಹವಾಮಾನ, ವಚನ, ವಾರ್ತೆ ಎಲ್ಲ ನಮ್ಮ ಮನೆಗೆ ಬರುತ್ತಿತ್ತು. ಒಂದು ದಿನ ಟ್ಯೂನರು ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ರಿಪೇರಿಯವನು ಬಿಚ್ಚಿ ನೋಡಿ, ಇದರ ಪಾರ್ಟು ಈಗ ಎಲ್ಲೂ ಸಿಗುವುದಿಲ್ಲ ಎಂದ.

ಸಲಹೆಗಳಿಗೆ ಬರವಿರಲಿಲ್ಲ. ಮಗಳು ಫೋನಿನಲ್ಲಿ ಆ್ಯಪ್ ಹಾಕಿಕೊಟ್ಟಳು. ನುಣುಪು ಗಾಜಿನ ಮೇಲೆ ಅತ್ತೆಯ ಬೆರಳು ಎಲ್ಲಿ ಬಿದ್ದರೂ ಜಾಹೀರಾತೇ ತೆರೆದುಕೊಳ್ಳುತ್ತಿತ್ತು. ಮಾತು ಕೇಳುವ ಸ್ಪೀಕರನ್ನು ತಂದಿಟ್ಟೆವು. ಅತ್ತೆ ಸ್ಪಷ್ಟವಾಗಿ "ಧಾರವಾಡ" ಎಂದರೆ ಅದು ಹಿಂದಿಯಲ್ಲಿ ಧಾರಾವಿಯ ಹವಾಮಾನ ಹೇಳಿತು. ಎರಡನೇ ದಿನ ಅತ್ತೆ ಅದರ ವಯರು ಕಿತ್ತಿಟ್ಟರು. "ಆ ಡಬ್ಬಿ ಮುಂದ ಯಾಕ ಅಂಗಲಾಚಲಿ ನಾ?"

ಇತ್ತ ನನ್ನ ಗಂಡ ಲ್ಯಾಪ್‌ಟಾಪ್ ಹಿಡಿದು ಕೂತವರು ಏಳಲಿಲ್ಲ. ಸೆನ್ಸಿಟಿವಿಟಿ ಅಂತೆ, ಸೆಲೆಕ್ಟಿವಿಟಿ ಅಂತೆ. ಅವರಿಗೆ ಹಿಡಿಸಿದ ಟ್ಯೂನರುಗಳ ಬೆಲೆಯಲ್ಲಿ ಒಂದು ಫ್ರಿಜ್ ಬರುತ್ತಿತ್ತು. "ರೀ, ನಮ್ಮ ಕೈಗೆ ಎಟುಕೋದನ್ನ ನೋಡ್ರಿ" ಎಂದು ನಾನು ಹೇಳಿದರೆ, "ಅಗ್ಗದ್ದು ತಗೊಂಡ್ರ ಬರೇ ಗೊರಗೊರ ಅಂತದ, ನಿನಗ ತಿಳಿಯಂಗಿಲ್ಲ" ಎಂಬ ಉತ್ತರ. ಅಗ್ಗದ ಹೊಸ ಟ್ಯೂನರುಗಳಲ್ಲಿ ಬರೀ ಎಫ್ಎಂ ಇರುತ್ತದೆ, ಧಾರವಾಡ ಬರುವ ಮೀಡಿಯಂ ವೇವ್ ಇರುವುದೇ ಇಲ್ಲ ಎಂಬುದನ್ನು ಕಂಡುಹಿಡಿಯಲು ಅವರಿಗೆ ಒಂದು ವಾರ ಬೇಕಾಯಿತು.

ಬುಧವಾರ ಪೇಟೆಯ ಅಂಗಡಿ ಅಂಗಡಿ ತಿರುಗಿದೆವು. ಒಬ್ಬ ಅಂಗಡಿಯವನು "ಟ್ಯೂನರ್? ಗಿಟಾರ್‌ಚಾ ಕಾ?" ಎಂದು ಕೇಳಿದ. ಗಿಟಾರಿಗಲ್ಲ ಮಾರಾಯ, ರೇಡಿಯೋದ್ದು ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದ ಮೇಲೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಆತಾ ಕೋಣ್ ಐಕ್ತಂ ತೇ?" ಎಂದು ನಕ್ಕ. ಯಾರು ಕೇಳುತ್ತಾರೆಂದರೆ, ಬೆಳಿಗ್ಗೆ ಐದೂವರೆಗೇ ಎದ್ದು, ಸ್ನಾನ ಮುಗಿಸಿ, ಸುಟ್ಟ ಟ್ಯೂನರಿನ ಮುಂದಿನ ಕುರ್ಚಿಯಲ್ಲಿ ಅಭ್ಯಾಸಬಲದಿಂದ ಬಂದು ಕೂರುವ ನಮ್ಮ ಅತ್ತೆ ಕೇಳುತ್ತಾರೆ. ಅದನ್ನು ಅವನಿಗೆ ಹೇಳಿ ಏನು ಬಂತು?

ಕೊನೆಗೆ ಭಾನುವಾರದ ಜುನಾ ಬಜಾರಿನಲ್ಲಿ, ಹಳೆಯ ಫ್ಯಾನು ಮಿಕ್ಸರುಗಳ ರಾಶಿಯ ಪಕ್ಕದಲ್ಲಿ, ಎರಡು ಟ್ಯೂನರು ಸಿಕ್ಕವು. ಒಂದಕ್ಕೆ ಮುಳ್ಳಿತ್ತು, ತುಕ್ಕೂ ಇತ್ತು. ಇನ್ನೊಂದು ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು, ಮುಳ್ಳಿನ ಬದಲು ಹಸಿರು ಅಂಕಿಗಳು, ಗುಂಡಿಯ ಬದಲು ಒತ್ತುವ ಬಟನ್ನು. ಅಮೆರಿಕದಿಂದ ಯಾರೋ ತಂದದ್ದಂತೆ. ಹಿಂದಿನ ವೋಲ್ಟೇಜ್ ಸ್ವಿಚ್ಚನ್ನು ಯಾರೋ ಪುಣ್ಯಾತ್ಮರು ನಮ್ಮ ಕರೆಂಟಿಗೆ ಹೊಂದಿಸಿದ್ದರು. ಮುಳ್ಳಿರುವುದೇ ಇರಲಿ ಎಂದು ನಾನು ಹೇಳಿದೆ. ನನ್ನ ಮಾತು ಯಾವಾಗ ನಡೆದಿದೆ? ಮಿರಿಮಿರಿ ಮಿಂಚುವುದೇ ಮನೆಗೆ ಬಂತು.

ಎಫ್ಎಂ ಚೆನ್ನಾಗಿಯೇ ಬಂತು. ಧಾರವಾಡ ಬರಲಿಲ್ಲ. ನನ್ನ ಗಂಡ ಬಟನ್ ಒತ್ತುತ್ತ ಹೋದರು. ಏಳುನೂರಾ ಅರವತ್ತು, ಒಂದು ಸಿಳ್ಳು. ಮುಂದಿನದು ಏಳುನೂರಾ ಎಪ್ಪತ್ತು, ಅಲ್ಲೂ ಸಿಳ್ಳು.

"ನಡುವ ನಿಲ್ಲಸೋ. ಧಾರವಾಡ ಇರೋದು ಏಳನೂರಾ ಅರವತ್ತೈದಕ್ಕ" ಎಂದರು ಅತ್ತೆ.

"ನಡುವ ನಿಲ್ಲಂಗಿಲ್ಲವ್ವಾ ಇದು."

"ಅದ್ಹೆಂಗ ನಿಲ್ಲಂಗಿಲ್ಲ? ಊರಿಗೆ ಊರ ಜಿಗದು ಹೋಗ್ತದೇನು?"

ಮೂರು ದಿನ ನನ್ನ ಗಂಡ ತಪ್ಪನ್ನು ಏರಿಯಲ್ ಮೇಲೆ, ಎಲ್ಇಡಿ ಬಲ್ಬಿನ ಮೇಲೆ, ಸೊಸೈಟಿಯ ಲಿಫ್ಟಿನ ಮೇಲೆ ಹೊರಿಸಿದರು. ನನ್ನ ಬಟ್ಟೆ ಒಣಗಿಸುವ ತಂತಿಯನ್ನು ಬಿಚ್ಚಿ ಏರಿಯಲ್ ಮಾಡಿದರು. ಒದ್ದೆ ಸೀರೆ ಕೈಯಲ್ಲಿ ಹಿಡಿದು ನಾನು ಬಾಲ್ಕನಿಯಲ್ಲಿ ನಿಂತು ಅಂದದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ನಾಲ್ಕನೆಯ ದಿನ ಅತ್ತೆ ಕುರ್ಚಿಯಿಂದ ಎದ್ದು, "ಹೋಗ್ಲಿ ಬಿಡ್ರಿ, ನನಗ ಹಂಗೂ ಈಗ ಕಿವಿ ಸರಿ ಕೇಳ್ಸಂಗಿಲ್ಲ" ಎಂದರು. ಅಡುಗೆಮನೆಯಲ್ಲಿ ನಾನು ಗೊಣಗಿದ್ದು ಹೊರಗಿನ ಕೋಣೆಗೆ ಕೇಳುವ ಕಿವಿ ಅದು. ಅತ್ತೆ ಸುಳ್ಳು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ.

ಅದನ್ನು ಜುನಾ ಬಜಾರಿಗೇ ವಾಪಸು ಹಾಕೋಣ ಎಂದು ನಾನು ಸಿಟ್ಟಿನಲ್ಲಿ ಟ್ಯೂನರನ್ನು ಎಳೆದು ಹಿಂಭಾಗದ ಧೂಳು ಒರೆಸುತ್ತಿದ್ದೆ. ಉಗುರಿನಷ್ಟು ಸಣ್ಣ ಸ್ವಿಚ್ಚೊಂದು ಕಂಡಿತು.

"ಇಲ್ಲೊಂದು ಬಟನ್ ಅದ ನೋಡ್ರಿ. ಒಂದು ಕಡೆ ಒಂಬತ್ತು, ಇನ್ನೊಂದು ಕಡೆ ಹತ್ತು ಅಂತ ಬರದಾರ. ಹತ್ತರ ಕಡೆ ಅದ."

ನನ್ನ ಗಂಡ ಅದು ಏನೆಂದು ಲ್ಯಾಪ್‌ಟಾಪಿನಲ್ಲಿ ಹುಡುಕಲು ಹೊರಟರು. ಅತ್ತೆಯ ತುಟಿ ಅಲುಗುತ್ತಿತ್ತು.

"ಒಂಬತ್ತ ಎಂಬತ್ತೈದ್ಲೆ ಏಳನೂರಾ ಅರವತ್ತೈದು" ಎಂದರು, ಹಳೆಯ ಕ್ಲಾಸಿನ ದನಿಯಲ್ಲಿ. "ಹತ್ತರ ಮಗ್ಗಿಯಾಗ ಧಾರವಾಡ ಎಲ್ಲಿಂದ ಬರಬೇಕು? ಅದು ಒಂಬತ್ತರ ಮಗ್ಗಿಯಾಗ ಅದ. ಈ ಕಡೆ ಸರಸು ಅದನ್ನ."

ಸರಿಸಿದೆ. ಧಾರವಾಡ ಬಂತು. ಅಮೆರಿಕದಲ್ಲಿ ಸ್ಟೇಷನ್ನುಗಳು ಹತ್ತರ ಅಂತರದಲ್ಲಿ ಇರುತ್ತವೆ, ನಮ್ಮಲ್ಲಿ ಒಂಬತ್ತರ ಅಂತರದಲ್ಲಿ ಎಂದು ನನ್ನ ಗಂಡ ಸ್ವಲ್ಪ ಹೊತ್ತಿನ ಮೇಲೆ ಲ್ಯಾಪ್‌ಟಾಪ್ ನೋಡಿ ನಮಗೆ ವಿವರಿಸಿದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಆದರೆ ಈ ಟ್ಯೂನರಿನ ನೆನಪಿನ ಶಕ್ತಿ ಸತ್ತಿದೆ. ಗುರುವಾರ ನಮ್ಮ ಕಡೆ ಕರೆಂಟು ತೆಗೆಯುತ್ತಾರೆ, ಅದು ಧಾರವಾಡವನ್ನು ಮರೆತು ಮೊದಲ ನಂಬರಾದ ಐನೂರಾ ಮೂವತ್ತೊಂದಕ್ಕೆ ಹೋಗಿ ಕೂರುತ್ತದೆ. ಇನ್ನು ಪ್ರತಿ ಶುಕ್ರವಾರ ಬೆಳಿಗ್ಗೆ ಅತ್ತೆ ನನ್ನನ್ನು ಕರೆಯುತ್ತಾರೆ, ನಾನು ಸಿಡುಕುತ್ತೇನೆ ಎಂದುಕೊಂಡು, ಆ ಶುಕ್ರವಾರ ಕಿವಿಗೊಟ್ಟೇ ಚಹಾಕ್ಕೆ ನೀರಿಟ್ಟೆ. ಕರೆ ಬರಲಿಲ್ಲ. ಇಣುಕಿದರೆ, ಅತ್ತೆ ಮೇಲೇರಿಸುವ ಬಟನ್ನಿನ ಮೇಲೆ ಹೊಸ ಟಿಕಳಿ ಅಂಟಿಸಿ, ಅದನ್ನು ತಡವಿ ತಡವಿ ಒತ್ತುತ್ತಿದ್ದರು. "ಐನೂರಾ ನಲವತ್ತು. ಐನೂರಾ ನಲವತ್ತೊಂಬತ್ತು. ಐನೂರಾ ಐವತ್ತೆಂಟು." ಧಾರವಾಡಕ್ಕೆ ಇಪ್ಪತ್ತಾರು ಸಲ ಒತ್ತಬೇಕು.

ಏಳುನೂರು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಅತ್ತಿ, ನಾ ಹಚ್ಚಿ ಕೊಡ್ಲೇನ್ರಿ?" ಎಂದೆ.

ಬೆರಳು ನಿಂತಿತು. ಅತ್ತೆ ಸಿಟ್ಟಿನಿಂದ ನನ್ನ ದನಿಯ ಕಡೆ ತಿರುಗಿದರು. "ನಿನಗ ಯಾರ್ ಕೇಳಿದ್ರು? ಲೆಕ್ಕ ತಪ್ಪಿಸಿದಿ ನೋಡು!"

ಪ್ಲಗ್ ಕಿತ್ತು ಮತ್ತೆ ಚುಚ್ಚಿ, ಐನೂರಾ ಮೂವತ್ತೊಂದರಿಂದ ಮತ್ತೆ ಶುರುಮಾಡಿದರು. ಒಲೆಯ ಮೇಲೆ ಚಹಾ ಉಕ್ಕುತ್ತಿತ್ತು. ಧಾರವಾಡ ಬರುವ ತನಕ ನಾನು ಅಲ್ಲಿಂದ ಅಲುಗಾಡಲಿಲ್ಲ.